ಲ್ಯಾಪ್‌ಟಾಪ್‌ನ ಪ್ರೊಸೆಸರ್ ಬದಲಿಸಬೇಕೆ? ಖರ್ಚಿಗೆ ಮುನ್ನ ಲೆಕ್ಕ ಹಾಕುವ ಬಗೆ

ಲ್ಯಾಪ್‌ಟಾಪ್ ನಿಧಾನವಾಯಿತೆಂದರೆ ಮೊದಲು ಬೈಗುಳ ತಿನ್ನುವುದು ಪ್ರೊಸೆಸರ್. ಜಾಹೀರಾತಿನಲ್ಲಿ, ಪೆಟ್ಟಿಗೆಯ ಮೇಲೆ, ಕೀಲಿಮಣೆಯ ಪಕ್ಕದ ಅಂಟುಚೀಟಿಯಲ್ಲಿ ಎದ್ದು ಕಾಣುವುದು ಅದರ ಹೆಸರೇ ಆದ್ದರಿಂದ ಇದರಲ್ಲಿ ಆಶ್ಚರ್ಯವಿಲ್ಲ. ಆದರೆ ನಮ್ಮನ್ನು ಕಾಯಿಸುತ್ತಿರುವುದು ಬಹಳ ಸಲ ಬೇರೆಯದೇ ಭಾಗ. ಅದಕ್ಕಿಂತ ದೊಡ್ಡ ತೊಡಕೆಂದರೆ, ಕಳೆದ ಹತ್ತು ವರ್ಷಗಳಲ್ಲಿ ಬಂದ ಬಹುಪಾಲು ಲ್ಯಾಪ್‌ಟಾಪ್‌ಗಳಲ್ಲಿ ಪ್ರೊಸೆಸರ್ ಅನ್ನು ಬಿಚ್ಚಿ ಬದಲಿಸಲು ಬರುವುದೇ ಇಲ್ಲ.

ಸಾಮಾನ್ಯವಾಗಿ ಜನ ಮಾಡುವುದು ಹಿಮ್ಮುಖ ಕ್ರಮ: ಮೊದಲು ಯಾವ ಪ್ರೊಸೆಸರ್ ಅಗ್ಗಕ್ಕೆ ಸಿಗುತ್ತದೆ ಎಂದು ಹುಡುಕುತ್ತಾರೆ, ಆಮೇಲೆ ಅದು ತಮ್ಮ ಯಂತ್ರಕ್ಕೆ ಕೂರುತ್ತದೆಯೇ ಎಂದು ನೋಡುತ್ತಾರೆ, ಕೊನೆಗೆ ಲಾಭವಾಯಿತೇ ಎಂದು ಯೋಚಿಸುತ್ತಾರೆ. ಇಲ್ಲಿ ಅದನ್ನು ನೇರ ಮಾಡಿಕೊಳ್ಳೋಣ.

ಹಂತ 1: ಕಾಯಿಸುತ್ತಿರುವುದು ಯಾವುದು?

ಇಡೀ ನಿರ್ಧಾರದ ಮುಕ್ಕಾಲು ಪಾಲು ಈ ಹಂತದಲ್ಲಿಯೇ ಮುಗಿಯುತ್ತದೆ. ಹಾಗಾಗಿ ಅವಸರ ಬೇಡ.

ನಿಮಗೆ ಬೇಸರ ತರಿಸುವ ನಿಜವಾದ ಕೆಲಸವೊಂದನ್ನು ಆರಿಸಿಕೊಳ್ಳಿ: ವಿಡಿಯೊ ಸಂಪಾದಿಸಿ ಹೊರತೆಗೆಯುವುದು, ದೊಡ್ಡ ಲೆಕ್ಕಪತ್ರ ತೆರೆಯುವುದು, ಕೋಡ್ ಕಂಪೈಲ್ ಮಾಡುವುದು, ಅಥವಾ ಬರಿಯ ಬ್ರೌಸರ್ ತೆರೆಯುವುದೇ ಇರಬಹುದು. ಚಾರ್ಜರ್ ಹಾಕಿರಲಿ, ಬ್ಯಾಟರಿಯ ಮೇಲೆ ಓಡುವಾಗ ಅನೇಕ ಲ್ಯಾಪ್‌ಟಾಪ್‌ಗಳು ತಾವಾಗಿಯೇ ವೇಗ ತಗ್ಗಿಸಿಕೊಳ್ಳುತ್ತವೆ. ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಮ್ಯಾಕ್‌ನಲ್ಲಿ ಆಕ್ಟಿವಿಟಿ ಮಾನಿಟರ್, ಲಿನಕ್ಸ್‌ನಲ್ಲಿ ಎಚ್‌ಟಾಪ್ ಅದೇ ಕೆಲಸ ಮಾಡುತ್ತವೆ. ಅದನ್ನು ಪಕ್ಕದಲ್ಲಿ ತೆರೆದಿಟ್ಟು, ಗಡಿಯಾರ ನೋಡಿ ಕೆಲಸ ಆರಂಭಿಸಿ. ಎಷ್ಟು ಹೊತ್ತು ಹಿಡಿಯಿತು, ಆ ಹೊತ್ತಿನಲ್ಲಿ ಯಾವ ರೇಖೆ ಮೇಲೇರಿ ನಿಂತಿತು ಎಂಬುದನ್ನು ಬರೆದಿಟ್ಟುಕೊಳ್ಳಿ. ಈ ಅಂಕಿಗಳು ಮುಂದೆ ಬೇಕಾಗುತ್ತವೆ.

ಡಿಸ್ಕ್ 100 ಶೇಕಡ ಎಂದು ತೋರಿಸುತ್ತ ಪ್ರೊಸೆಸರ್ 20ರ ಆಸುಪಾಸಿನಲ್ಲಿ ಅಡ್ಡಾಡುತ್ತಿದ್ದರೆ, ಮತ್ತು ಯಂತ್ರದಲ್ಲಿರುವುದು ತಿರುಗುವ ಹಾರ್ಡ್‌ಡಿಸ್ಕ್ ಆಗಿದ್ದರೆ, ಈ ಲೇಖನವನ್ನು ಇಲ್ಲಿಗೇ ಬಿಟ್ಟು ಎಸ್‌ಎಸ್‌ಡಿ ಕೊಳ್ಳಬಹುದು. ಡಿಸ್ಕ್ ಪೂರ್ತಿ ದುಡಿಯುತ್ತಿದ್ದರೂ ಸಾಗುವ ಮಾಹಿತಿ ಸೆಕೆಂಡಿಗೆ ಒಂದು ಮೆಗಾಬೈಟ್ ಕೂಡ ಇರದಿರುವುದನ್ನು ಕಂಡು ಗಾಬರಿಯಾಗಬೇಕಿಲ್ಲ. ನಿಮಿಷಕ್ಕೆ 5,400 ಸುತ್ತು ಹಾಕುವ ತಟ್ಟೆ ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಬೇಕಾದ ಜಾಗ ಸೂಜಿಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು. ಸೂಜಿಯೇ ಜಾಗ ಬದಲಿಸಲು ಇನ್ನೊಂದು ಹತ್ತು ಹನ್ನೆರಡು ಮಿಲಿಸೆಕೆಂಡ್. ಎಂದರೆ ಚೆದುರಿದ ತುಣುಕುಗಳನ್ನು ಓದುವಾಗ ಸೆಕೆಂಡಿಗೆ 60ರಷ್ಟು ತುಣುಕುಗಳಿಗೆ ಅದರ ಕೈ ಸೋಲುತ್ತದೆ. ತುಣುಕು 4 ಕಿಲೊಬೈಟ್‌ನದಾದರೆ ಒಟ್ಟು ಕಾಲು ಮೆಗಾಬೈಟ್ ಮಾತ್ರ. ವಿಂಡೋಸ್ ಏಳುವುದು, ಬ್ರೌಸರ್ ತೆರೆಯುವುದು ಎಲ್ಲವೂ ಇಂಥ ಚೆದುರಿದ ಓದು. ಚಲಿಸುವ ಭಾಗವೇ ಇಲ್ಲದ ಎಸ್‌ಎಸ್‌ಡಿಗೆ ಇದೇ ಕೆಲಸ ಸೆಕೆಂಡಿಗೆ ಸಾವಿರಾರು ಬಾರಿ ಸಾಧ್ಯ. ಯಾವ ಪ್ರೊಸೆಸರ್ ಬದಲಾವಣೆಯೂ ಇಷ್ಟು ದೊಡ್ಡ ಜಿಗಿತ ಕೊಡುವುದಿಲ್ಲ.

ರ‍್ಯಾಮ್ 90 ಶೇಕಡ ದಾಟಿ ನಿಂತು, ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಹೋದಾಗಲೆಲ್ಲ ಯಂತ್ರ ತಡವರಿಸಿದರೆ ಸಮಸ್ಯೆ ನೆನಪಿನ ಕೊರತೆ. ಜಾಗ ಸಾಲದೆ ಮಾಹಿತಿಯನ್ನು ಡಿಸ್ಕಿಗೆ ಸಾಗಿಸಿ ಮರಳಿ ತರುತ್ತಿರುತ್ತದೆ. ಇದಕ್ಕೂ ಪ್ರೊಸೆಸರ್‌ಗೂ ಸಂಬಂಧವಿಲ್ಲ.

ಪ್ರೊಸೆಸರ್ ರೇಖೆಯೇ ಮೇಲೇರಿದೆಯೇ? ಒಟ್ಟು ಶೇಕಡಾವಾರು ಅಂಕಿ ಇಲ್ಲಿ ದಾರಿ ತಪ್ಪಿಸುತ್ತದೆ. ನಾಲ್ಕು ಕೋರ್ (ಲೆಕ್ಕ ಮಾಡುವ ಘಟಕ), ಎಂಟು ಥ್ರೆಡ್‌ಗಳಿರುವ (ಏಕಕಾಲಕ್ಕೆ ಸಾಗಬಲ್ಲ ಕೆಲಸದ ಸಾಲು) ಪ್ರೊಸೆಸರ್‌ನಲ್ಲಿ ಒಂದೇ ಥ್ರೆಡ್ ಬಳಸುವ ಹಳೆಯ ತಂತ್ರಾಂಶ ತನ್ನ ಶಕ್ತಿ ಮೀರಿ ದುಡಿದರೂ ಒಟ್ಟು ಬಳಕೆ 12 ಅಥವಾ 13 ಶೇಕಡ ಎಂದಷ್ಟೇ ಕಾಣುತ್ತದೆ. ‘ಪ್ರೊಸೆಸರ್ ಖಾಲಿ ಕೂತಿದೆ’ ಎಂದು ತೀರ್ಮಾನಿಸಿದರೆ ತಪ್ಪು. ರೇಖಾಚಿತ್ರದ ಮೇಲೆ ಬಲ ಕ್ಲಿಕ್ ಮಾಡಿ, ಪ್ರತಿಯೊಂದು ಲಾಜಿಕಲ್ ಪ್ರೊಸೆಸರ್ ಬೇರೆ ಬೇರೆಯಾಗಿ ಕಾಣುವಂತೆ ಮಾಡಿಕೊಳ್ಳಿ. ಎಲ್ಲ ಚೌಕಗಳೂ ತುಂಬಿದ್ದರೆ ಹೆಚ್ಚು ಕೋರ್‌ಗಳಿಂದ ಲಾಭವಿದೆ. ಒಂದೆರಡು ಮಾತ್ರ ತುಂಬಿದ್ದರೆ ನಿಮಗೆ ಬೇಕಿರುವುದು ಹೆಚ್ಚು ಕೋರ್‌ಗಳಲ್ಲ, ಒಂದೊಂದು ಕೋರ್‌ನ ಹೆಚ್ಚಿನ ವೇಗ. ಈ ವ್ಯತ್ಯಾಸ ಮುಂದೆ ತುಂಬ ದುಡ್ಡು ಉಳಿಸುತ್ತದೆ. ಕೆಲಸ ಹಲವು ಕೋರ್‌ಗಳ ನಡುವೆ ಸುಳಿದಾಡುವುದೂ ಉಂಟು. ಆಗ ಚೌಕಗಳೆಲ್ಲ ಅರೆಬರೆ ತುಂಬಿದಂತೆ ಕಂಡರೂ ಒಟ್ಟು ಅಂಕಿ ಒಂದು ಥ್ರೆಡ್‌ನ ಪಾಲಿನಲ್ಲೇ ಅಂಟಿಕೊಂಡಿರುತ್ತದೆ.

ಹಾಗೆಯೇ, ಪ್ರೊಸೆಸರ್ ಅನ್ನು ತಿನ್ನುತ್ತಿರುವುದು ನಿಮ್ಮ ಕೆಲಸವೇ ಎಂದೂ ನೋಡಿ. ಹಿನ್ನೆಲೆಯಲ್ಲಿ ನಡೆಯುವ ಅಪ್‌ಡೇಟ್, ಎರಡೆರಡು ಆಂಟಿವೈರಸ್, ಮುಚ್ಚದೆ ಬಿಟ್ಟ ಬ್ರೌಸರ್ ಟ್ಯಾಬ್‌ಗಳಿಗಾಗಿ ಯಾರೂ ಹೊಸ ಪ್ರೊಸೆಸರ್ ಕೊಳ್ಳಬಾರದು. ಆಟಗಳ ವಿಷಯವಾದರೆ ಗ್ರಾಫಿಕ್ಸ್ ರೇಖೆಯನ್ನೂ ಗಮನಿಸಿ: ಅದು 95 ಶೇಕಡ ದಾಟಿದ್ದರೆ ಆಟವನ್ನು ಹಿಡಿದಿಟ್ಟಿರುವುದು ಅದೇ.

ಹಂತ 2: ಇರುವ ಪ್ರೊಸೆಸರ್ ತನ್ನ ಪೂರ್ತಿ ವೇಗದಲ್ಲಿ ಓಡುತ್ತಿದೆಯೇ?

ಬಹಳ ಮಂದಿ ಈ ಹಂತವನ್ನು ಹಾರಿಬಿಡುತ್ತಾರೆ. ಪ್ರೊಸೆಸರ್ ಬಿಸಿಯಾಗಿ 100 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದಾಗ ತನ್ನನ್ನು ತಾನು ಕಾಪಾಡಿಕೊಳ್ಳಲು ವೇಗ ಇಳಿಸುತ್ತದೆ. ಫ್ಯಾನಿನ ಹಿಂದಿನ ತಾಮ್ರದ ರೆಕ್ಕೆಗಳಿಗೆ ನಾಲ್ಕೈದು ವರ್ಷಗಳ ಧೂಳು ಹತ್ತಿಯ ಹಾಸಿನಂತೆ ಕೂತು, ಪ್ರೊಸೆಸರ್‌ನ ಬಿಸಿಯನ್ನು ಲೋಹಕ್ಕೆ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿ ಹೋಗಿದ್ದರೆ ಒಳ್ಳೆಯ ಪ್ರೊಸೆಸರ್ ಕೂಡ ಕುಂಟುತ್ತದೆ.

ಎಚ್‌ಡಬ್ಲ್ಯುಇನ್ಫೊದಂಥ ಉಚಿತ ತಂತ್ರಾಂಶವನ್ನು ತೆರೆದಿಟ್ಟು ಭಾರದ ಕೆಲಸವನ್ನು ಹತ್ತು ನಿಮಿಷ ಓಡಿಸಿ. ಮೊದಲ ನಿಮಿಷದ ಗಡಿಯಾರ ವೇಗಕ್ಕೂ ಹತ್ತನೆಯ ನಿಮಿಷದ ವೇಗಕ್ಕೂ ಸ್ವಲ್ಪ ಅಂತರ ಸಹಜ, ಏಕೆಂದರೆ ಮೂಲ ವೇಗವನ್ನು ಮೀರುವ ಟರ್ಬೊ ವೇಗ ಇರುವುದೇ ಅಲ್ಪ ಹೊತ್ತಿಗೆ. ಆದರೆ ವೇಗವು ಮೂಲ ವೇಗಕ್ಕಿಂತಲೂ ಕೆಳಗಿಳಿದು, ಉಷ್ಣತೆ 95ರ ಮೇಲೆ ನಿಂತರೆ ಫ್ಯಾನ್ ಬಿಚ್ಚಿ ಶುಚಿಗೊಳಿಸಿ, ಹೊಸ ಪೇಸ್ಟ್ ಹಚ್ಚಿ ಮತ್ತೆ ಅಳೆಯಿರಿ. ಉಷ್ಣತೆ ಸಾಮಾನ್ಯವಾಗಿದ್ದೂ ವೇಗ 0.8 ಗಿಗಾಹರ್ಟ್ಸ್‌ಗೆ ಅಂಟಿಕೊಂಡಿದ್ದರೆ ಅಡಾಪ್ಟರ್ ಮೇಲೆ ಅನುಮಾನಪಡಿ. ಮೂಲ ಅಡಾಪ್ಟರ್ ಅಲ್ಲವೆಂದು ಕಂಡರೆ ಕೆಲವು ಮಾದರಿಗಳು ಹೀಗೆ ಮುಷ್ಕರ ಹೂಡುತ್ತವೆ.

ತಂಪಾಗಿಸುವ ವ್ಯವಸ್ಥೆ ಈಗಿನ ಪ್ರೊಸೆಸರ್‌ಗೇ ಸಾಲದಿದ್ದರೆ, ಅದಕ್ಕಿಂತ ಬಲವಾದದ್ದನ್ನು ಕೂರಿಸುವುದು ನೀರಿನಲ್ಲಿ ಹೋಮ ಮಾಡಿದ ಹಾಗೆ.

ಹಂತ 3: ಬದಲಿಸಲು ಸಾಧ್ಯವೇ?

ಹಿಂದಿನ ಎರಡು ಹಂತ ದಾಟಿಯೂ ಪ್ರೊಸೆಸರೇ ಅಡ್ಡಿ ಎಂದು ಖಚಿತವಾದರೆ ಮುಂದಿನ ಪ್ರಶ್ನೆ ಸಾಕೆಟ್‌ನದು, ಎಂದರೆ ಪ್ರೊಸೆಸರ್ ಅನ್ನು ಕೂರಿಸಿ ಬಿಚ್ಚಲು ಬರುವ ಗೂಡಿನದು. ಸಿಪಿಯು-ಝಡ್ ಎಂಬ ಪುಟ್ಟ ತಂತ್ರಾಂಶದ ಮೊದಲ ಪುಟದಲ್ಲಿ ಪ್ಯಾಕೇಜ್ ಎಂಬ ಸಾಲಿದೆ. ಅಲ್ಲಿ ಬಿಜಿಎ ಎಂಬ ಅಕ್ಷರಗಳಿದ್ದರೆ ಪ್ರೊಸೆಸರ್ ಅನ್ನು ಮದರ್‌ಬೋರ್ಡಿಗೆ ಬೆಸೆಯಲಾಗಿದೆ. ಪಿಜಿಎ ಎಂದಿದ್ದರೆ ಅದು ಸೂಜಿಗಳ ಮೇಲೆ ಸಾಕೆಟ್‌ನಲ್ಲಿ ಕೂತಿದೆ, ಬಿಚ್ಚಬಹುದು.

ಇಂಟೆಲ್ ಪ್ರೊಸೆಸರ್‌ಗಳಲ್ಲಿ ಹೆಸರಿನ ಬಾಲವೂ ಸುಳಿವು ಕೊಡುತ್ತದೆ. 2011ರ ಎರಡನೆಯ ತಲೆಮಾರು ಮತ್ತು 2012ರ ಮೂರನೆಯ ತಲೆಮಾರಿನ ಕೋರ್ ಪ್ರೊಸೆಸರ್‌ಗಳಲ್ಲಿ ಎಂ, ಕ್ಯೂಎಂ ಎಂದು ಮುಗಿಯುವ ಅನೇಕ ಮಾದರಿಗಳು ಸಾಕೆಟ್‌ನವು. 2013ರ ನಾಲ್ಕನೆಯ ತಲೆಮಾರಿನಲ್ಲಿ ಎಂಕ್ಯೂ ಎಂದರೆ ಸಾಕೆಟ್, ಎಚ್‌ಕ್ಯೂ ಎಂದರೆ ಬೆಸುಗೆ. ಯು ಎಂದು ಮುಗಿಯುವ ಕಡಿಮೆ ವಿದ್ಯುತ್ತಿನವು ಯಾವಾಗಲೂ ಬೆಸುಗೆಯವೇ. ಲ್ಯಾಪ್‌ಟಾಪ್‌ಗೆಂದೇ ಮಾಡಿದ ಇಂಟೆಲ್ ಪ್ರೊಸೆಸರ್‌ಗಳಲ್ಲಿ ಸಾಕೆಟ್ ಇದ್ದದ್ದು ಆ ನಾಲ್ಕನೆಯ ತಲೆಮಾರೇ ಕೊನೆ. ಇನ್ನೊಂದು ತಯಾರಕ ಸಂಸ್ಥೆಯಾದ ಎಎಂಡಿಯದೂ ಬಹುತೇಕ ಅದೇ ಕಾಲದ ಕತೆ. ಆಮೇಲೆ ಬಂದ ಅಪವಾದಗಳೆಂದರೆ ಡೆಸ್ಕ್‌ಟಾಪ್ ಪ್ರೊಸೆಸರ್ ಅನ್ನೇ ಹೊತ್ತ ಕೆಲವು ದಡೂತಿ ಲ್ಯಾಪ್‌ಟಾಪ್‌ಗಳು ಮಾತ್ರ. 2017ರಲ್ಲಿ ಎಎಂಡಿಯ ರೈಜನ್ ಡೆಸ್ಕ್‌ಟಾಪ್ ಪ್ರೊಸೆಸರ್ ಹಾಕಿ ಆಸುಸ್ ತಂದ ಜಿಎಲ್702ಝಡ್‌ಸಿ ಅಂಥದ್ದೊಂದು.

ಬೆಸುಗೆ ಬಿಡಿಸಿ ಬೇರೆ ಪ್ರೊಸೆಸರ್ ಕೂರಿಸುವವರಿದ್ದಾರೆ. ಯಂತ್ರೋಪಕರಣವೂ ನುರಿತ ಕೈಯೂ ಬೇಡುವ ಕೆಲಸವದು. ಹೊಸ ಚಿಪ್ಪನ್ನು ಬಯೋಸ್ (ಯಂತ್ರವನ್ನು ಎಬ್ಬಿಸುವ, ಬೋರ್ಡಿನಲ್ಲೇ ಇರುವ ತಂತ್ರಾಂಶ) ಗುರುತಿಸುವ ಖಾತರಿಯೂ ಇಲ್ಲ. ಸಾಮಾನ್ಯ ಬಳಕೆದಾರನಿಗೆ ಇದನ್ನು ನಾನು ಯಾವ ಕಾರಣಕ್ಕೂ ಸೂಚಿಸುವುದಿಲ್ಲ. ಇಡೀ ಮದರ್‌ಬೋರ್ಡ್ ಬದಲಿಸುವುದು ಅದಕ್ಕಿಂತ ವಿವೇಕದ ದಾರಿ, ಆದರೆ ಅದೇ ಮಾದರಿಯ ಮೇಲಿನ ದರ್ಜೆಯ ಬೋರ್ಡ್ ಸಿಗಬೇಕು, ಅದರ ಹೀಟ್‌ಸಿಂಕ್ (ಬಿಸಿಯನ್ನು ಹೊರಹಾಕುವ ಲೋಹದ ಭಾಗ) ಬೇರೆಯಾಗಿದ್ದರೆ ಅದನ್ನೂ ಕೊಳ್ಳಬೇಕು. ಬೋರ್ಡ್ ಬದಲಾದರೆ ವಿಂಡೋಸ್ ಪರವಾನಗಿಯನ್ನು ಮತ್ತೆ ಸಕ್ರಿಯಗೊಳಿಸಬೇಕಾಗಬಹುದು. ಇದನ್ನೇ ಮುಂದಿಟ್ಟುಕೊಂಡು ವಿನ್ಯಾಸಗೊಂಡದ್ದು 2021ರಲ್ಲಿ ಬಂದ ಫ್ರೇಮ್‌ವರ್ಕ್ ಲ್ಯಾಪ್‌ಟಾಪ್: ಅದರ ಹಳೆಯ ಕವಚದಲ್ಲಿಯೇ ಹೊಸ ತಲೆಮಾರಿನ ಬೋರ್ಡ್ ಕೂರುತ್ತದೆ.

ನಿಮ್ಮದು ಬಿಜಿಎ ಆಗಿದ್ದರೆ ನೇರವಾಗಿ ಆರನೆಯ ಹಂತಕ್ಕೆ ಹೋಗಬಹುದು.

ಹಂತ 4: ಯಾವುದು ಕೂರುತ್ತದೆ, ಅದರಿಂದ ಎಷ್ಟು ಲಾಭ?

ಸಾಕೆಟ್ ಹೊಂದಿದ ಮಾತ್ರಕ್ಕೆ ಪ್ರೊಸೆಸರ್ ಓಡುವುದಿಲ್ಲ. ಬೋರ್ಡಿನ ಸಹಾಯಕ ಚಿಪ್ಪಾದ ಚಿಪ್‌ಸೆಟ್ ಒಪ್ಪಬೇಕು, ಬಯೋಸ್‌ಗೆ ಅದರ ಗುರುತಿರಬೇಕು, ಹೀಟ್‌ಸಿಂಕ್ ಅದರ ಬಿಸಿ ತಾಳಬೇಕು, ಅಡಾಪ್ಟರ್ ಅದಕ್ಕೆ ಬೇಕಾದ ವಿದ್ಯುತ್ ಕೊಡಬೇಕು. ಇಷ್ಟನ್ನೂ ಒಂದೊಂದಾಗಿ ಪರಿಶೀಲಿಸುವ ಬದಲು ಒಂದು ಅಡ್ಡದಾರಿಯಿದೆ. ತಯಾರಕರು ಪ್ರಕಟಿಸುವ ಸರ್ವಿಸ್ ಕೈಪಿಡಿಯಲ್ಲಿ ಆ ಮಾದರಿ ಯಾವ ಯಾವ ಪ್ರೊಸೆಸರ್‌ಗಳೊಂದಿಗೆ ಮಾರಾಟವಾಗಿತ್ತು ಎಂಬ ಪಟ್ಟಿ ಇರುತ್ತದೆ. ಆ ಪಟ್ಟಿಯೊಳಗೇ ಆರಿಸಿ. ಪಟ್ಟಿಯ ಆಚೆಗಿನದನ್ನು ಹಾಕಿ ಗೆದ್ದವರಿದ್ದಾರೆ, ಆದರೆ ಗೆಲ್ಲದಿದ್ದರೆ ಪರದೆ ಕಪ್ಪಾಗಿಯೇ ಉಳಿಯುತ್ತದೆ.

ಉದಾಹರಣೆಗೆ, ಕೋರ್ ಐ5-3320ಎಂ ಇರುವ ಯಂತ್ರ ತೆಗೆದುಕೊಳ್ಳೋಣ: ಎರಡು ಕೋರ್, ನಾಲ್ಕು ಥ್ರೆಡ್, ಮೂಲ ವೇಗ 2.6 ಗಿಗಾಹರ್ಟ್ಸ್, ಟರ್ಬೊ 3.3, ಉಷ್ಣದ ಮಿತಿ 35 ವ್ಯಾಟ್. ಅದೇ 35 ವ್ಯಾಟ್‌ನಲ್ಲಿ ಐ7-3632ಕ್ಯೂಎಂ ನಾಲ್ಕು ಕೋರ್, ಎಂಟು ಥ್ರೆಡ್ ಕೊಡುತ್ತದೆ. ಕ್ಯಾಶ್ (ಚಿಪ್ಪಿನೊಳಗಿನ ವೇಗದ ನೆನಪು) 3ರಿಂದ 6 ಮೆಗಾಬೈಟ್‌ಗೆ ಏರುತ್ತದೆ. ಕೇಳಲು ಸೊಗಸು. ಆದರೆ ಮೂಲ ವೇಗ 2.2, ಟರ್ಬೊ 3.2. ಎರಡೂ ಒಂದೇ ವಿನ್ಯಾಸದವಾದ್ದರಿಂದ, ಒಂದೇ ಥ್ರೆಡ್ ಬಳಸುವ ಕೆಲಸದಲ್ಲಿ ಹೊಸದು ಹಳೆಯದಕ್ಕಿಂತ ಹೆಚ್ಚೇನೂ ಮುಂದಿಲ್ಲ, ಕೂದಲೆಳೆಯಷ್ಟು ಹಿಂದೆಯೂ ಇರಬಹುದು. ವಿಡಿಯೊ ಹೊರತೆಗೆಯುವವನಿಗೆ ಇದು ದೊಡ್ಡ ಲಾಭ. ಹಳೆಯ ಲೆಕ್ಕಪತ್ರ ತಂತ್ರಾಂಶ ಬಳಸುವವನಿಗೆ ಸೊನ್ನೆ. ಆ ಎರಡನೆಯವನಿಗೆ ಹೊಂದುವುದು ಎರಡೇ ಕೋರ್‌ನ ಐ7-3540ಎಂ: ಟರ್ಬೊ 3.7, ಎಂದರೆ ಹೆಚ್ಚೆಂದರೆ 12 ಶೇಕಡ ವೇಗ. ಹನ್ನೆರಡು ಶೇಕಡವನ್ನು ಕೂತವನು ಗುರುತಿಸುವುದೇ ಕಷ್ಟ. ಮೊದಲ ಹಂತದಲ್ಲಿ ಚೌಕಗಳನ್ನು ಎಣಿಸಿದ್ದು ಇದಕ್ಕೇ.

ಗಮನಿಸಬೇಕಾದ ಇನ್ನೊಂದು ಅಂಶ, ವೇಗದ ಪಟ್ಟಿಗಳಲ್ಲಿ ಕಾಣದ ಸೌಲಭ್ಯಗಳು. ಆ ಕಾಲದ ಐ3-3110ಎಂನಲ್ಲಿ ಗೂಢಲಿಪೀಕರಣಕ್ಕೆ ನೆರವಾಗುವ ಎಇಎಸ್ ಆದೇಶಗಳಿಲ್ಲ, ಐ5ರಲ್ಲಿವೆ. ಇಡೀ ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಿ ಬಳಸುವವರಿಗೆ ಅದೊಂದೇ ಬದಲಾವಣೆಗೆ ಸಾಕಷ್ಟು ಕಾರಣವಾಗಬಲ್ಲದು.

ಇನ್ನು ಲೆಕ್ಕ. ಕೆಲಸದ ಒಂದು ಭಾಗವನ್ನು ಮಾತ್ರ ವೇಗಗೊಳಿಸಿದರೆ ಒಟ್ಟು ಲಾಭಕ್ಕೆ ಮಿತಿಯಿದೆ ಎಂಬುದನ್ನು ಕಂಪ್ಯೂಟರ್ ವಿನ್ಯಾಸಕ ಜೀನ್ ಆಮ್ಡಾಲ್ 1967ರಲ್ಲಿಯೇ ಎತ್ತಿ ತೋರಿಸಿದ್ದರು. ನಿಮ್ಮ ಕೆಲಸಕ್ಕೆ 20 ನಿಮಿಷ ಹಿಡಿಯುತ್ತದೆ, ಅದರಲ್ಲಿ ಪ್ರೊಸೆಸರ್ ತುಂಬಿದ್ದದ್ದು 8 ನಿಮಿಷ ಎಂದುಕೊಳ್ಳಿ. ಎರಡು ಪಟ್ಟು ವೇಗದ ಪ್ರೊಸೆಸರ್ ಆ 8 ನಿಮಿಷವನ್ನು 4 ಮಾಡುತ್ತದೆ. ಒಟ್ಟು 16 ನಿಮಿಷ. ಎರಡು ಪಟ್ಟಿಗೆ ದುಡ್ಡು ಕೊಟ್ಟು ಪಡೆದದ್ದು ಐದನೆಯ ಒಂದು ಭಾಗದ ಉಳಿತಾಯ. ಲೋಕದ ಅತಿ ವೇಗದ ಪ್ರೊಸೆಸರ್ ತಂದು ಕೂರಿಸಿದರೂ ಉಳಿದ 12 ನಿಮಿಷ ಅಲುಗುವುದಿಲ್ಲ. ನೀವು ಬರೆದಿಟ್ಟ ಅಂಕಿಗಳನ್ನು ಇಲ್ಲಿ ಹಾಕಿ ನೋಡಿ.

ಉಳಿಯುವ ನಿಮಿಷಗಳಲ್ಲಿಯೂ ಎರಡು ಬಗೆ. ಪರದೆಯ ಮುಂದೆ ಕೈಕಟ್ಟಿ ಕಾಯುವ ನಿಮಿಷಕ್ಕೆ ಬೆಲೆಯಿದೆ. ರಾತ್ರಿ ಹಚ್ಚಿಟ್ಟು ಮಲಗುವ ಕೆಲಸ ಮೂರು ಗಂಟೆಯ ಬದಲು ಎರಡು ಗಂಟೆಯಲ್ಲಿ ಮುಗಿದರೆ ಯಾರಿಗೆ ಏನು ಬಂತು?

ಹಂತ 5: ಪೂರ್ತಿ ಖರ್ಚು ಕೂಡಿಸಿ

ಪ್ರೊಸೆಸರ್‌ನ ಬೆಲೆ ಖರ್ಚಿನ ಆರಂಭವಷ್ಟೇ. ಅದರ ಜೊತೆಗೆ ಥರ್ಮಲ್ ಪೇಸ್ಟ್, ಬಿಚ್ಚುವ ಸಾಧನಗಳು ಅಥವಾ ಕೂಲಿ, ಬೇಕಾದಲ್ಲಿ ದೊಡ್ಡ ಅಡಾಪ್ಟರ್ ಹಾಗೂ ಬೇರೆ ಹೀಟ್‌ಸಿಂಕ್, ನಿಮ್ಮ ಅರ್ಧ ದಿನ ಸೇರಬೇಕು. ಕೆಟ್ಟರೆ ಇಡೀ ಲ್ಯಾಪ್‌ಟಾಪ್ ಹೋಗುವ ಅಪಾಯಕ್ಕೂ ಒಂದು ಮೊತ್ತ ಇಟ್ಟುಕೊಳ್ಳಿ.

ಈ ಮೊತ್ತವನ್ನು ಯಾವುದಕ್ಕೆ ಹೋಲಿಸಬೇಕು? ಹೊಸ ಲ್ಯಾಪ್‌ಟಾಪ್‌ನ ಬೆಲೆಗೆ ಹೋಲಿಸಿದರೆ ಯಾವ ಬದಲಾವಣೆಯೂ ಅಗ್ಗವೆನಿಸುತ್ತದೆ; ಆ ಹೋಲಿಕೆ ಮೋಸದ್ದು. ನಿಮ್ಮ ಯಂತ್ರವನ್ನು ಇದ್ದ ಹಾಗೆಯೇ ಮಾರಿದರೆ ಎಷ್ಟು ಬರುತ್ತದೆ ಎಂದು ತಿಳಿದುಕೊಳ್ಳಿ. ನಿಮಗೆ ಬೇಕಾದ ಪ್ರೊಸೆಸರ್ ಈಗಾಗಲೇ ಇರುವ ಬಳಸಿದ ಯಂತ್ರಕ್ಕೆ ಎಷ್ಟು ಎಂದೂ ನೋಡಿ. ಇವೆರಡರ ನಡುವಿನ ವ್ಯತ್ಯಾಸವೇ ನಿಮ್ಮ ಖರ್ಚಿನ ಗರಿಷ್ಠ ಮಿತಿ. ಅದನ್ನು ಮೀರಿದರೆ ಮೂಗಿಗಿಂತ ಮೂಗುತಿ ಭಾರ. ನನ್ನ ಅಭಿಪ್ರಾಯದಲ್ಲಿ ಆ ವ್ಯತ್ಯಾಸದ ಅರ್ಧಕ್ಕಿಂತ ಕಡಿಮೆ ಇದ್ದರಷ್ಟೇ ಕೈಹಾಕಬೇಕು, ಏಕೆಂದರೆ ಹೊಸದಾಗಿ ಕೊಂಡ ಆ ಬಳಸಿದ ಯಂತ್ರಕ್ಕೆ ಹೆಚ್ಚು ಬಾಳಿಕೆಯ ಬ್ಯಾಟರಿ, ಪರದೆ, ಕೀಲುಗಳೂ ಇರಬಹುದು.

ಆಯಸ್ಸಿನ ಪ್ರಶ್ನೆಯೂ ಇದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದು, ಕೆಲವೇ ಅಪವಾದಗಳನ್ನು ಬಿಟ್ಟರೆ, ಇಂಟೆಲ್‌ನ ಎಂಟನೆಯ ತಲೆಮಾರು ಹಾಗೂ ರೈಜನ್ 2000 ಸರಣಿಯಿಂದ ಈಚಿನ ಪ್ರೊಸೆಸರ್‌ಗಳನ್ನು. ಸಾಕೆಟ್ ಇರುವ ಇಂಟೆಲ್ ಲ್ಯಾಪ್‌ಟಾಪ್‌ಗಳು ನಾಲ್ಕನೆಯ ತಲೆಮಾರಿಗೇ ಮುಗಿದವು. ಅಂದರೆ, ಡೆಸ್ಕ್‌ಟಾಪ್ ಪ್ರೊಸೆಸರ್ ಹೊತ್ತ ಆ ದಡೂತಿ ಯಂತ್ರಗಳನ್ನು ಬಿಟ್ಟರೆ, ಬದಲಿಸಲು ಬರುವ ಯಂತ್ರಕ್ಕೆ ಅದರ ಅತ್ಯುತ್ತಮ ಪ್ರೊಸೆಸರ್ ಹಾಕಿದರೂ ಅದು ವಿಂಡೋಸ್ 11ರ ಪಟ್ಟಿಯ ಹೊರಗೇ ಉಳಿಯುತ್ತದೆ. ವಿಂಡೋಸ್ ಮೇಲೆಯೇ ಬದುಕುವವರಿಗೆ ಹೊಸ ಪ್ರೊಸೆಸರ್ ಬೇಡವೆನ್ನಲು ಇಷ್ಟು ಸಾಕು. ಲಿನಕ್ಸ್ ಬಳಸುವವರಿಗೆ ಈ ತಡೆ ಇಲ್ಲ. ಹಾಗಾಗಿ ಇಂದು ಇಂಥ ಬದಲಾವಣೆ ನಿಜಕ್ಕೂ ಒಪ್ಪುವುದು, ಗಟ್ಟಿಮುಟ್ಟಾದ ಹಳೆಯ ಯಂತ್ರದಲ್ಲಿ ಲಿನಕ್ಸ್ ಓಡಿಸುತ್ತ, ಎಲ್ಲ ಕೋರ್‌ಗಳನ್ನೂ ದುಡಿಸುವ ಕೆಲಸವುಳ್ಳವರಿಗೆ.

ಹಂತ 6: ಹೊಸದನ್ನು ಕೊಳ್ಳುವಾಗ ಮೇಲಿನ ದರ್ಜೆಗೆ ಹೆಚ್ಚು ಕೊಡಬೇಕೆ?

ಬೆಸುಗೆಯ ಕಾಲದಲ್ಲಿ ಪ್ರೊಸೆಸರ್ ಬಗ್ಗೆ ತೀರ್ಮಾನಿಸಲು ಸಿಗುವುದು ಒಂದೇ ದಿನ, ಕೊಳ್ಳುವ ದಿನ. ಅಲ್ಲಿ ಐ5, ಐ7 ಎಂಬ ಹೆಸರನ್ನು ನಂಬಬೇಡಿ, ಪೂರ್ತಿ ಸಂಖ್ಯೆ ಓದಿ. ಐ5-1235ಯು ಮತ್ತು ಐ7-1255ಯು ಎರಡರಲ್ಲಿಯೂ ಹತ್ತು ಕೋರ್, ಹನ್ನೆರಡು ಥ್ರೆಡ್, 12 ಮೆಗಾಬೈಟ್ ಕ್ಯಾಶ್, ಟರ್ಬೊ 4.4 ಮತ್ತು 4.7. ಐ7 ಎಂಬ ಅಂಟುಚೀಟಿಗೆ ಸಿಗುವುದು ಸುಮಾರು 7 ಶೇಕಡ ಹಾಗೂ ತುಸು ಹೆಚ್ಚಿನ ಗ್ರಾಫಿಕ್ಸ್. ಇನ್ನೂ ತಮಾಷೆಯೆಂದರೆ ಅದೇ ತಲೆಮಾರಿನ ಐ5-1240ಪಿಯಲ್ಲಿ ನಾಲ್ಕು ದೊಡ್ಡ (ಹೆಚ್ಚು ವೇಗದ) ಕೋರ್‌ಗಳಿವೆ, ಐ7-1255ಯುನಲ್ಲಿ ಎರಡೇ. ಎಎಂಡಿಯಲ್ಲಿ 7000 ಸರಣಿಯ ಮೂರನೆಯ ಅಂಕಿ ವಿನ್ಯಾಸದ ಜಾತಕ ಹೇಳುತ್ತದೆ: ರೈಜನ್ 5 7520ಯು ಝೆನ್ 2, 7530ಯು ಝೆನ್ 3, 7640ಯು ಝೆನ್ 4. ಝೆನ್ ಪಕ್ಕದ ಸಂಖ್ಯೆ ದೊಡ್ಡದಾದಷ್ಟೂ ವಿನ್ಯಾಸ ಹೊಸದು.

ಅದೇ ಚಿಪ್ಪು ತೆಳು ಯಂತ್ರದಲ್ಲಿ ಕಡಿಮೆ ವ್ಯಾಟ್‌ಗೆ, ದಪ್ಪ ಯಂತ್ರದಲ್ಲಿ ಹೆಚ್ಚು ವ್ಯಾಟ್‌ಗೆ ಹೊಂದಿಸಿರುತ್ತದೆ. ಆದ್ದರಿಂದ ಚಿಪ್ಪಿನ ಅಂಕಗಳಿಗಿಂತ ಆ ಮಾದರಿಯನ್ನೇ ಅರ್ಧ ಗಂಟೆ ಓಡಿಸಿ ಅಳೆದ ವಿಮರ್ಶೆ ಹುಡುಕಿ. ರ‍್ಯಾಮ್ ಕೂಡ ಬೆಸೆದದ್ದಾದರೆ ಹೆಚ್ಚುವರಿ ದುಡ್ಡು ಮೊದಲು ರ‍್ಯಾಮ್‌ಗೆ ಹೋಗಲಿ.

ಹಂತ 7: ಬದಲಿಸಲೇಬೇಕೆಂದು ನಿರ್ಧರಿಸಿದರೆ

ಬಳಸಿದ ಪ್ರೊಸೆಸರ್ ಕೊಳ್ಳುವಾಗ ಎರಡೂ ಬದಿಯ ಚಿತ್ರ ಕೇಳಿ. ಸಾಕೆಟ್‌ನಲ್ಲಿ ಕೂರುವ ಈ ಹಳೆಯ ಲ್ಯಾಪ್‌ಟಾಪ್ ಪ್ರೊಸೆಸರ್‌ಗಳ ಸೂಜಿಗಳು ಚಿಪ್ಪಿನ ಮೇಲೆಯೇ ಇರುತ್ತವೆ. ಒಂದು ಬಾಗಿದ್ದರೂ ಕೂರುವುದಿಲ್ಲ. ಮೇಲೆ ‘ಇಂಟೆಲ್ ಕಾನ್ಫಿಡೆನ್ಷಿಯಲ್’ ಎಂದು ಅಚ್ಚಾಗಿದ್ದರೆ ಅದು ಪರೀಕ್ಷೆಗೆಂದು ಮಾಡಿದ ಮಾದರಿ. ಎಷ್ಟು ಅಗ್ಗವಾದರೂ ಬಿಡಿ.

ಬಯೋಸ್ ಅನ್ನು ಹಳೆಯ ಪ್ರೊಸೆಸರ್ ಇರುವಾಗಲೇ ನವೀಕರಿಸಿ. ಹೊಸದು ಕೂತ ಮೇಲೆ ಯಂತ್ರ ಏಳದಿದ್ದರೆ ಆ ಅವಕಾಶ ಸಿಗದು. ಡಿಸ್ಕ್ ಎನ್‌ಕ್ರಿಪ್ಟ್ ಆಗಿದ್ದರೆ ಅದಕ್ಕೂ ಮೊದಲು ರಿಕವರಿ ಕೀಯನ್ನು ಬೇರೆಡೆ ಬರೆದಿಟ್ಟು, ಬಿಟ್‌ಲಾಕರ್ ಅನ್ನು ತಾತ್ಕಾಲಿಕವಾಗಿ ತಡೆಹಿಡಿಯಿರಿ. ಕಡತಗಳ ಪ್ರತಿ ತೆಗೆದಿಡಿ. ನಂತರ ಅಡಾಪ್ಟರ್, ಬ್ಯಾಟರಿ ಎರಡನ್ನೂ ತೆಗೆದು, ಹೀಟ್‌ಸಿಂಕ್‌ನ ಸ್ಕ್ರೂಗಳನ್ನು ಅದರ ಮೇಲೆ ಬರೆದ ಸಂಖ್ಯೆಯ ಕ್ರಮದಲ್ಲಿ ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಸಾಕೆಟ್‌ನ ಪಕ್ಕದ ಚಪ್ಪಟೆ ಸ್ಕ್ರೂವನ್ನು ಅರ್ಧ ಸುತ್ತು ತಿರುಗಿಸಿದರೆ ಹಿಡಿತ ಬಿಡುತ್ತದೆ. ಹೊಸದರ ಮೂಲೆಯ ತ್ರಿಕೋನ ಗುರುತನ್ನು ಸಾಕೆಟ್‌ನ ಗುರುತಿಗೆ ಹೊಂದಿಸಿ ಮೆಲ್ಲಗೆ ಇಳಿಸಿ. ಒತ್ತಬೇಕೆನಿಸಿದರೆ ಏನೋ ತಪ್ಪಾಗಿದೆ ಎಂದೇ ಅರ್ಥ. ಹಿಡಿತ ಬಿಗಿಮಾಡಿ, ಹಳೆಯ ಪೇಸ್ಟನ್ನು ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ, ಹೊಸದನ್ನು ತೆಳ್ಳಗೆ ಹಚ್ಚಿ, ಹೀಟ್‌ಸಿಂಕ್ ಅನ್ನು ಮರಳಿ ಕೂರಿಸಿ.

ಯಂತ್ರ ಎದ್ದ ಕೂಡಲೇ ಬಯೋಸ್‌ನಲ್ಲಿ ಹೊಸ ಹೆಸರು ಕಾಣುತ್ತದೆಯೇ ನೋಡಿ. ಆಮೇಲೆ ಮೊದಲ ಹಂತದ ಅದೇ ಕೆಲಸವನ್ನು ಅದೇ ಗಡಿಯಾರ ಹಿಡಿದು ಮಾಡಿ, ಉಷ್ಣತೆಯ ಮೇಲೂ ಕಣ್ಣಿಡಿ. ವಾರ ಕಳೆಯುವವರೆಗೆ ಹಳೆಯ ಪ್ರೊಸೆಸರ್ ಅನ್ನು ಮಾರಬೇಡಿ. ಸೂಜಿಗಳು ಬಾಗದಂತೆ ಆಂಟಿಸ್ಟ್ಯಾಟಿಕ್ ಫೋಮ್‌ನಲ್ಲಿ ಚುಚ್ಚಿಟ್ಟು ಪೆಟ್ಟಿಗೆಯಲ್ಲಿಡಿ. ಹೊಸದು ಭಾರದ ಕೆಲಸದ ನಡುವೆ ಆರಿಹೋಗತೊಡಗಿದರೆ ಮರಳಿ ಹಾಕಿ ನೋಡಲು ಅದೇ ಬೇಕು.